ಕೂಗಿಲ್ಲದ ಹರಾಜಿಗೆ ಕಡಿಮೆ ವಸ್ತು ಸಾಕು

ಹರಾಜು ಅಂದ ಕೂಡಲೇ ನೆನಪಾಗೋದು ‘ಒಂದು ಸಲ, ಎರಡು ಸಲ’ ಅಂತ ಸವಾಲು ಕೂಗುವವರ ದನಿ. ಸೈಲೆಂಟ್ ಆಕ್ಷನ್‌ನಲ್ಲಿ ಆ ದನಿಯೇ ಇರಲ್ಲ. ದಾನವಾಗಿ ಬಂದ ವಸ್ತುಗಳನ್ನು ಮೇಜಿನ ಮೇಲೆ ಜೋಡಿಸಿ, ಒಂದೊಂದರ ಮುಂದೆ ಒಂದು ಹಾಳೆ ಇಟ್ಟಿರ್ತಾರೆ. ಬೇಕಾದವರು ಹರಾಜಿಗೆ ಅಂತ ತಮಗೆ ಕೊಟ್ಟಿರುವ ನಂಬರ್, ಕೊಡುವ ಮೊತ್ತ ಬರೀತಾರೆ. ಇನ್ನೂ ಹೆಚ್ಚು ಕೊಡೋರು ಅದರ ಕೆಳಗೆ ಬರೀತಾರೆ. ಸಮಯ ಮುಗಿದಾಗ ಕೊನೆಯ ಸಾಲಿನಲ್ಲಿ ಯಾರಿದ್ದಾರೋ ವಸ್ತು ಅವರದ್ದು, ಹಣ ಸೇವಾಕಾರ್ಯಕ್ಕೆ. ನಾಲ್ಕು ಜನರ ಮುಂದೆ ಕೈ ಎತ್ತೋಕೆ ಸಂಕೋಚಪಡೋರೂ ಇಲ್ಲಿ ಧೈರ್ಯವಾಗಿ ಬರೀತಾರೆ. ನನಗೆ ಈ ಪದ್ಧತಿ ಇಷ್ಟವಾಗೋದೇ ಅದಕ್ಕೆ.

ಇಂಥ ಒಂದು ಹರಾಜಿನಲ್ಲಿ ಹಾಳೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಎರಡು ಹಾಳೆ ಇನ್ನೂ ಕಣ್ಣ ಮುಂದಿವೆ. ಒಂದು, ಕಲಾವಿದೆಯೊಬ್ಬರು ‘ಒಂದು ದಿನ ಜೊತೆ ಕೂತು ಚಿತ್ರ ಬರೆಯೋದು ಕಲಿಸ್ತೀನಿ’ ಅಂತ ಕೊಟ್ಟಿದ್ದ ಕೊಡುಗೆಯದ್ದು. 14 ಮತ್ತು 31ನೇ ನಂಬರಿನವರು ಒಬ್ಬರ ಕೆಳಗೊಬ್ಬರು ಬರೆದೂ ಬರೆದೂ ಹಾಳೆಯ ಹಿಂಬದಿಗೆ ಹೋಗಿದ್ದರು. ಕೊನೆಯ ಸಾಲನ್ನು ಒತ್ತಿ ಬರೆದ ರಭಸಕ್ಕೆ ಕಾಗದ ತೂತಾಗಿತ್ತು. ಪಕ್ಕದ ಮೇಜಿನಲ್ಲಿ ಕೈಯಲ್ಲೇ ಕೆತ್ತಿದ ಮರದ ಪೆಟ್ಟಿಗೆ. ಅದರ ಹಾಳೆಯಲ್ಲಿ ಒಂದೇ ಸಾಲು, ಅದೂ ಆರಂಭಿಕ ಬೆಲೆ. ಅರ್ಧ ಬೆಲೆಗೆ ಹೋಯಿತು. ಅದನ್ನು ಕೆತ್ತಿಕೊಟ್ಟವರು ಅಲ್ಲೇ ನಿಂತಿದ್ದರು. ಅವರ ಮುಖ ನೋಡೋಕೆ ನನ್ನಿಂದಾಗಲಿಲ್ಲ.

ತಪ್ಪು ಪೆಟ್ಟಿಗೆಯದ್ದಲ್ಲ. ಬಂದ ಜನಕ್ಕಿಂತ ವಸ್ತುಗಳೇ ಹೆಚ್ಚಿದ್ದವು. ಪೈಪೋಟಿಯೇ ಹರಾಜಿನ ಜೀವ. ಬರುವ ಅತಿಥಿಗಳ ಅರ್ಧದಷ್ಟು ವಸ್ತು ಇಟ್ಟರೂ ಧಾರಾಳವಾಯ್ತು, ದಂಪತಿ ಬಂದರೆ ಬಿಡ್ ಬರೆಯೋದು ಒಬ್ಬರೇ ತಾನೆ. ಆರಂಭಿಕ ಬೆಲೆ ಮಾರುಕಟ್ಟೆ ಬೆಲೆಯ ಶೇ. 30ರಿಂದ 50ರೊಳಗೆ, ಪ್ರತಿ ಸಾಲಿಗೂ ಕನಿಷ್ಠ ಏರಿಕೆ ಶೇ. 10ರ ಆಸುಪಾಸು ಇರೋದು ರೂಢಿ. ಏರಿಕೆ ಎಷ್ಟು ಅಂತ ಮೊದಲೇ ಬರೆದಿಡದಿದ್ದರೆ ಚಿಲ್ಲರೆ ಸೇರಿಸಿ ಗೆಲ್ಲೋರೇ ಜಾಸ್ತಿ. ಎಲ್ಲ ಮೇಜನ್ನೂ ಒಟ್ಟಿಗೆ ಮುಚ್ಚಬೇಡಿ. ಒಂದು ಮುಚ್ಚಿದ ಮೇಲೆ ಇನ್ನೊಂದು ಮುಚ್ಚಿದರೆ ಸೋತವರು ಮುಂದಿನ ಮೇಜಿಗೆ ಹೋಗ್ತಾರೆ.

2005ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಈ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದರು. ಗೆದ್ದವರಷ್ಟೇ ಹಣ ಕೊಡುವ ಹರಾಜು ದಾನ ಸಂಗ್ರಹಕ್ಕೆ ಅಷ್ಟು ಒಳ್ಳೆಯ ದಾರಿಯಲ್ಲ ಅನ್ನೋದು ಅವರ ವಾದ. ಬೇರೆಯವರು ಹೆಚ್ಚು ಬರೆದರೂ ಹಣ ಒಳ್ಳೆ ಕೆಲಸಕ್ಕೇ ಹೋಗುತ್ತಲ್ಲ, ಹಾಗಾಗಿ ಬಿಡ್ ಮಾಡೋರು ಸ್ವಲ್ಪ ಕೈ ಬಿಗಿ ಹಿಡೀತಾರೆ. ಅದನ್ನು ಓದಿದಾಗ ನನಗೆ 14ನೇ ನಂಬರಿನವರೇ ನೆನಪಾದರು. ಸೋತ ಮೇಲೂ ನನ್ನ ಹತ್ತಿರ ಬಂದು, “ನಾನು ಕೊನೆಗೆ ಬರೆದಿದ್ದೆನಲ್ಲ, ಅಷ್ಟನ್ನೂ ಕೊಟ್ಟು ಹೋಗ್ತೀನಿ, ಎಲ್ಲಿ ಬರೀಲಿ?” ಅಂದಿದ್ದರು.

ಬರೀ ದೇಣಿಗೆಗೆ ಅಂತ ಒಂದು ಹಾಳೆಯನ್ನೂ ನಾವು ಇಟ್ಟಿರಲಿಲ್ಲ.