ದಿಮಿತ್ರೋವ್‌ದೆನ್ ಬಗ್ಗೆ ಇನ್ನೊಂದಿಷ್ಟು ಬರೀಬೇಕಿತ್ತು
ದಿಮಿತ್ರೋವ್‌ದೆನ್, ಅಂದ್ರೆ ಬಲ್ಗೇರಿಯಾದ ಸಂತ ದಿಮಿತರ್ ಹಬ್ಬದ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್, ಆದ್ರೆ ಅಲ್ಲಿನವರ ಹೆಸರಿನ ಹಬ್ಬ (ತಮ್ಮ ಹೆಸರಿನ ಸಂತನ ದಿನ) ಅಂದ್ರೆ ಎರಡನೇ ಬರ್ತ್‌ಡೇ ಇದ್ದಂಗೆ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ, ಅದು ಸಾಲದು ಅನ್ನಿಸ್ತು. ಬರ್ತ್‌ಡೇಗೆ ಕರೀಬೇಕು, ಹೆಸರಿನ ಹಬ್ಬಕ್ಕೆ ಯಾರೂ ಕರೆಯೋದಿಲ್ಲ, ಗೊತ್ತಿದ್ದವರು ತಾವಾಗೇ ಮನೆಗೆ ಬರ್ತಾರೆ, ಹಂಗಾಗಿ ಅಕ್ಟೋಬರ್ 26ಕ್ಕೆ ದಿಮಿತರ್, ಮಿತ್ಕೊ, ದಿಮಿತ್ರಿನಾ ಅಂತ ಹೆಸರಿರೋರೆಲ್ಲ ಊಟ ರೆಡಿ ಮಾಡ್ಕೊಂಡೇ ಇರಬೇಕು.

ಇನ್ನು ಅದು ಬರೀ ಹೆಸರಿನ ವಿಷಯಾನೂ ಅಲ್ಲ. ಹಿಂದೆ ಹಳ್ಳಿಗಳಲ್ಲಿ ಕುರಿ ಕಾಯೋರು, ಕೂಲಿಯಾಳುಗಳನ್ನ ಮೇ ತಿಂಗಳ ಸಂತ ಜಾರ್ಜ್ ಹಬ್ಬಕ್ಕೆ ಗೊತ್ತು ಮಾಡ್ಕೊಂಡು ದಿಮಿತ್ರೋವ್‌ದೆನ್‌ಗೆ ಲೆಕ್ಕ ಚುಕ್ತಾ ಮಾಡಿ ಕಳಿಸೋರು, ಅಂದ್ರೆ ಬೇಸಾಯದ ವರ್ಷ ಅಲ್ಲಿಗೆ ಮುಗೀತು. ಸಂತ ದಿಮಿತರ್ ಕೆಂಪು ಕುದುರೆ ಮೇಲೆ ಬರ್ತಾನೆ, ಅವನ ಬಿಳಿ ಗಡ್ಡದಿಂದ ಮೊದಲನೇ ಹಿಮ ಉದುರುತ್ತೆ ಅಂತ ನಂಬಿಕೆ, ಎಷ್ಟ್ ಚೆಂದ ಅಲ್ವಾ! ಹಬ್ಬಕ್ಕೂ ಮುಂಚಿನ ಶನಿವಾರ ಸತ್ತ ಹಿರಿಯರಿಗೆ ಬೇಯಿಸಿದ ಗೋಧಿ ಇಟ್ಟು ಹಂಚ್ತಾರೆ.

ನನಗೆ ತುಂಬಾ ಇಷ್ಟ ಆಗೋದು ಮಾರನೇ ದಿನ, 27, ಇಲಿಗಳ ದಿನ. ಸಂಪ್ರದಾಯದ ಪ್ರಕಾರ ಅವತ್ತು ಹೆಂಗಸರು ಸೂಜಿ ಕತ್ತರಿ ಮುಟ್ಟೋದಿಲ್ಲ, ಬಟ್ಟೆ ಪೆಟ್ಟಿಗೆ, ಕಣಜ ಏನೂ ತೆಗೆಯೋದಿಲ್ಲ, ಇಲಿ ನುಗ್ಗುತ್ತೆ ಅಂತ. ಮನೆಯ ಹಿರಿ ಹೆಂಗಸು ಒಲೆ ಹತ್ರ ಮಣ್ಣು ಸಾರಿಸ್ತಾಳೆ, ಏನ್ ಸಾರಿಸ್ತಿದೀಯ ಅಂತ ಕೇಳಿದ್ರೆ ಇಲಿ ಕಣ್ಣು ಮುಚ್ತಿದೀನಿ ಅಂತಾಳೆ. ಕಣಜ ತುಂಬಿರೋ ಕಾಲದಲ್ಲಿ ರೈತರಿಗೆ ಇಲಿ ಭಯ ಎಷ್ಟಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಅಕ್ಟೋಬರ್ 14ರ ಪೆಟ್ಕೋವ್‌ದೆನ್ (ಸಂತ ಪೆಟ್ಕಾ ಹಬ್ಬ) ಬಗ್ಗೆನೂ ದಯವಿಟ್ಟು ಬರೀರಿ ಸರ್, ಕಾಯ್ತಿರ್ತೀನಿ.