ಆ 90 ದಿನದ ಗಡುವು ನಮ್ಮೂರಿಗೂ ಬೇಕು

ಹೋದ ತಿಂಗಳು ಮೈಸೂರಿನ ಒಂದು ಲ್ಯಾಬ್‌ನಿಂದ ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟ್ ಫೋನಿಗೆ ಬಂತು. ಪ್ರಿಂಟ್ ತೆಗೆಯೋಣ ಅಂತ ಲಿಂಕನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಕೊನೆಯ ಒಂದು ಅಂಕಿ ತಪ್ಪಾಯಿತು. ಬೇರೆ ಯಾರದೋ ರಿಪೋರ್ಟ್ ತೆರೆದುಕೊಂಡಿತು. ಹೆಸರು, ವಯಸ್ಸು, ಶುಗರ್ ಎಷ್ಟು, ಎಲ್ಲಾ ಇತ್ತು. ತಕ್ಷಣ ಮುಚ್ಚಿದೆ.

ಹೋಗಿ ಹೇಳಿದರೆ, "ನಿಮ್ಮದು ಸರಿಯಾಗಿ ಬಂದಿದೆ ಅಲ್ವಾ ಮೇಡಂ? ಬೇರೆಯವರದ್ದು ಯಾಕೆ ನೋಡಕ್ಕೆ ಹೋದ್ರಿ?" ಅಂದರು. ತುಂಬಾ ಬೇಜಾರಾಯಿತು.

ಹಾರ್ಟ್‌ಬ್ಲೀಡ್ ಅನ್ನೋ ತಂತ್ರಾಂಶ ದೋಷ ನೆನಪಿದೆಯಾ? ನಮ್ಮ ಪಾಸ್‌ವರ್ಡ್ ಯಾರ ಕಣ್ಣಿಗೂ ಬೀಳದೆ ಸಾಗಲಿ ಅಂತ ಲೆಕ್ಕವಿಲ್ಲದಷ್ಟು ವೆಬ್‌ಸೈಟ್‌ಗಳು ನಂಬಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನೋ ತಂತ್ರಾಂಶದಲ್ಲಿ ಆ ದೋಷ ಎರಡು ವರ್ಷ ಸುಮ್ನೆ ಕೂತಿತ್ತು. 2014ರಲ್ಲಿ ಅದನ್ನು ಹಿಡಿದವರು ಗೂಗಲ್‌ನ ನೀಲ್ ಮೆಹ್ತಾ. ಫಿನ್ಲೆಂಡಿನ ಕೊಡೆನೊಮಿಕಾನ್ ಕಂಪನಿಯವರೂ ತಮ್ಮಷ್ಟಕ್ಕೆ ತಾವೇ ಅದನ್ನು ಕಂಡುಹಿಡಿದರು. ಅದೇ ವರ್ಷ ಜುಲೈನಲ್ಲಿ ಗೂಗಲ್ ಪ್ರಾಜೆಕ್ಟ್ ಝೀರೋ ಅನ್ನೋ ತಂಡ ಶುರು ಮಾಡಿತು. ಯಾರ ತಂತ್ರಾಂಶವಾದರೂ ಸರಿ, ಲೋಪ ಹುಡುಕುತ್ತಾರೆ. ಆ ತಂತ್ರಾಂಶ ಮಾಡಿದವರಿಗೆ ಗುಟ್ಟಾಗಿ ತಿಳಿಸುತ್ತಾರೆ. ಸರಿಪಡಿಸಲು 90 ದಿನ ಗಡುವು. ಆಮೇಲೆ ಎಲ್ಲರಿಗೂ ಹೇಳುತ್ತಾರೆ.

2015ರ ಜನವರಿಯಲ್ಲಿ ವಿಂಡೋಸ್‌ನ ಒಂದು ಲೋಪಕ್ಕೆ ರಿಪೇರಿ ಬರಲು ಎರಡೇ ದಿನ ಇತ್ತು. ಗಡುವು ಮುಗಿಯಿತು ಅಂತ ಗೂಗಲ್ ಬಯಲು ಮಾಡಿಬಿಟ್ಟಿತು. ಮೈಕ್ರೋಸಾಫ್ಟ್ ಸಿಟ್ಟಾಯಿತು. ನನಗೂ ಆಗ ಅದು ಅತಿ ಅನ್ನಿಸಿತ್ತು. ಲ್ಯಾಬಿನ ಕೌಂಟರ್ ಮುಂದೆ ನಿಂತು ಬಂದ ಮೇಲೆ ಹಾಗನ್ನಿಸುತ್ತಿಲ್ಲ. ಕೆಲಸ ನಿಜವಾಗಿ ದೊಡ್ಡದಾದರೆ ಕಾಯಬಹುದು. ಕಂಪ್ಯೂಟರ್ ಚಿಪ್‌ಗಳಲ್ಲೇ ಇದ್ದ ಸ್ಪೆಕ್ಟರ್ ಅನ್ನೋ ಲೋಪವನ್ನು 2017ರ ಜೂನ್‌ನಲ್ಲೇ ಇಂಟೆಲ್‌ನಂಥ ಚಿಪ್ ಕಂಪನಿಗಳಿಗೆ ತಿಳಿಸಿದ್ದರು, ಊರಿಗೆ ಗೊತ್ತಾಗಿದ್ದು 2018ರ ಜನವರಿಯಲ್ಲಿ. ಲ್ಯಾಬ್ ಲಿಂಕಿಗೆ ಒಂದು ಒಟಿಪಿ ಹಾಕಲು ಅಷ್ಟು ಹೊತ್ತು ಬೇಕಾ?

ಗೂಗಲ್ ನಮ್ಮ ಮಾಹಿತಿ ಇಟ್ಟುಕೊಂಡೇ ಜಾಹೀರಾತಿನಲ್ಲಿ ದುಡಿಯುವ ಕಂಪನಿ. ಆ ತಕರಾರು ನನಗೆ ಇದ್ದೇ ಇದೆ. ಆದರೂ ಈ ಪದ್ಧತಿಗೆ ನಾನು ಋಣಿ.

ನಮ್ಮಲ್ಲಿ 2023ರಲ್ಲಿ ಕಾಯ್ದೆ ಬಂದಿದೆ. ಜನರ ಮಾಹಿತಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಅಂತ ಅದರಲ್ಲಿದೆ. ಆದರೆ ಲೋಪ ಕಂಡವರು ಹೆದರದೆ ಹೇಳಲು ಲ್ಯಾಬಿನ ಗೋಡೆಯ ಮೇಲೆ ಒಂದು ಇಮೇಲ್ ವಿಳಾಸವೂ ಇಲ್ಲ. ಮೈಸೂರಿನ ಎನ್‌ಐಇ, ಜೆಸಿಇಯಂಥ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಕ್ಕಳಿಗೆ ಇಂಥದ್ದು ಕಣ್ಣಿಗೆ ಬೀಳುತ್ತದೆ. ಬೈಸಿಕೊಳ್ಳಬೇಕು ಅಂದರೆ ಯಾರು ಹೇಳುತ್ತಾರೆ?

ಲ್ಯಾಬ್‌ಗೆ ಕನ್ನಡದಲ್ಲೇ ಪತ್ರ ಬರೆದು, ದಿನಾಂಕ ಹಾಕಿ, ಸ್ವೀಕೃತಿ ಪಡೆದಿದ್ದೇನೆ. 90 ದಿನ ಕೊಟ್ಟಿದ್ದೇನೆ. ಅಲ್ಲಿವರೆಗೂ ಹೆಸರು ಕೇಳಬೇಡಿ. ಇವತ್ತಿಗೆ 19 ದಿನ.