ಬಾಗಿಲು ತೆರೆದಿದ್ದರೆ ಸಾಲದು, ಸಮಯ ಕೊಡಿ

ಊರಿಗೆ ಬಂದಾಗಲೆಲ್ಲ ನನಗೆ ಕೇಳಿಸುವ ಒಂದು ಮಾತಿದೆ: "ನಮ್ಮಲ್ಲಿ ಆ ಮೀಟಿಂಗು ಗೀಟಿಂಗು ಏನೂ ಬೇಡಪ್ಪ. ಯಾರಿಗೆ ಏನು ಹೇಳೋದಿದ್ರೂ ಸೀದಾ ಬಂದು ಹೇಳ್ತಾರೆ. ಬಾಗಿಲು ಯಾವಾಗಲೂ ತೆಗೆದೇ ಇರುತ್ತೆ." ಮೂಡಿಗೆರೆ ಕಡೆ ತೋಟ ಮಾಡಿರುವ ನೆಂಟರು ಹೀಗೆ ಹೇಳುತ್ತಾರೆ. ಹಾಸನದ ಗಾರ್ಮೆಂಟ್ಸ್‌ನಲ್ಲಿ ಮ್ಯಾನೇಜರ್ ಆಗಿರುವ ಗೆಳೆಯನೂ ಹೀಗೇ ಹೇಳುತ್ತಾನೆ. ಅವರು ಸುಳ್ಳು ಹೇಳುತ್ತಿಲ್ಲ, ಬಾಗಿಲು ನಿಜವಾಗಿಯೂ ತೆರೆದೇ ಇರುತ್ತದೆ. ನನ್ನ ಪ್ರಶ್ನೆ ಬೇರೆ. ಆ ಬಾಗಿಲು ದಾಟಿ ಒಳಗೆ ಬರುವವರು ಯಾರು?

ಮೇಸ್ತ್ರಿ ಬರುತ್ತಾನೆ, ಲೆಕ್ಕ ಬರೆಯುವ ರೈಟ್ರು ಬರುತ್ತಾರೆ. ಹತ್ತಾರು ವರ್ಷದಿಂದ ಇರುವವರು, ಒಂದೇ ಊರಿನವರು, ಒಂದೇ ಜಾತಿಯವರು, ಗಂಟಲು ದೊಡ್ಡದಿರುವವರು ಬರುತ್ತಾರೆ. ಅರಕಲಗೂಡಿನಿಂದ ದಿನಾ ಕಂಪನಿ ಬಸ್ಸಿನಲ್ಲಿ ಬಂದುಹೋಗುವ, ಕೆಲಸಕ್ಕೆ ಹೊಸಬಳಾದ ಹುಡುಗಿ ಬರುವುದಿಲ್ಲ. ಅಸ್ಸಾಮಿನಿಂದ ಬಂದು, ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವ ಗಂಡ ಹೆಂಡಿರು ಬರುವುದಿಲ್ಲ. ಬಂದರೂ ಮುಂಗಡ ಕೇಳುವುದಕ್ಕೆ, ಇಲ್ಲವೇ ಕೆಲಸ ಬಿಡುತ್ತೇವೆ ಎಂದು ಹೇಳುವುದಕ್ಕೆ. ಅಷ್ಟು ಹೊತ್ತಿಗೆ ಆಡಬೇಕಾಗಿದ್ದ ಮಾತಿನ ಕಾಲವೇ ಮುಗಿದಿರುತ್ತದೆ.

ನಾನು ಕೆಲಸ ಮಾಡುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ನನ್ನ ಮೇಲಿನವರ ಜೊತೆ ನನಗೆ, ನನ್ನ ತಂಡದವರಿಗೆ ನನ್ನ ಜೊತೆ, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಗೊತ್ತುಮಾಡಿರುತ್ತದೆ. ಒನ್ ಆನ್ ಒನ್ ಎಂದೇ ಕರೆಯುತ್ತೇವೆ. ಅದನ್ನು ಯಾರೂ ಕೇಳಿ ಪಡೆಯಬೇಕಾಗಿಲ್ಲ, ಕ್ಯಾಲೆಂಡರಿನಲ್ಲಿ ಇದ್ದೇ ಇರುತ್ತದೆ. ಧೈರ್ಯಸ್ಥನಿಗೂ ಸಂಕೋಚದವನಿಗೂ ಅದೇ ಅರ್ಧ ಗಂಟೆ. ನಾನು ಇದನ್ನು ಮೆಚ್ಚುವುದು ಈ ಒಂದು ಕಾರಣಕ್ಕೆ. ಪರದೇಶದ ಪದ್ಧತಿ ಎಂಬ ಮೋಹಕ್ಕಲ್ಲ. ಗೊತ್ತಾದ ಸಮಯವಿದ್ದಾಗ, ದಣಿಗಳಿಗೆ ಹತ್ತಿರವಿರುವುದು ಮಾತನಾಡುವ ಅರ್ಹತೆ ಆಗುವುದಿಲ್ಲ.

ಜರ್ಮನಿಯಲ್ಲಿ ಇದರ ಹಿಂದೆ ಕಾನೂನಿನ ಬಲವೂ ಸ್ವಲ್ಪ ಇದೆ. 1972ರ ಕಾರ್ಖಾನೆ ಸಂವಿಧಾನ ಕಾಯ್ದೆಯ 82ನೇ ಕಲಮಿನ ಪ್ರಕಾರ, ತನ್ನ ಕೆಲಸ ಹೇಗಿದೆ, ಮುಂದೆ ಬೆಳೆಯುವ ದಾರಿ ಏನು ಎಂದು ಮಾಲೀಕರ ಜೊತೆ ಚರ್ಚಿಸುವಂತೆ ಕೇಳುವ ಹಕ್ಕು ನೌಕರನಿಗಿದೆ. ಬೇಕೆನಿಸಿದರೆ ನೌಕರರ ಸಮಿತಿಯ ಒಬ್ಬ ಸದಸ್ಯರನ್ನೂ ಜೊತೆಗೆ ಕರೆದುಕೊಳ್ಳಬಹುದು. ಎರಡು ವಾರಕ್ಕೊಮ್ಮೆ ಕೂರುವ ರೂಢಿ ಮಾತ್ರ ಕಾನೂನಿನಿಂದ ಬಂದದ್ದಲ್ಲ. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ಈ ಭೇಟಿ ಕೆಳಗಿನವರದು, ಏನು ಮಾತಾಡಬೇಕೆಂಬ ಪಟ್ಟಿಯನ್ನು ಅವರೇ ತರಬೇಕು, ಮೇಲಿನವರು ಕೇಳಿಸಿಕೊಳ್ಳಬೇಕು ಎಂಬುದು ಅವರ ನಿಲುವು. ಕೆಲಸಕ್ಕೆ ಹೊಸಬರಾದವರನ್ನು ಮೇಲಿಂದ ಮೇಲೆ, ಪಳಗಿದವರನ್ನು ಅಪರೂಪಕ್ಕೆ ನೋಡಿದರೆ ಸಾಕು. ಸಾಧ್ಯವಾದರೆ ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ಮಾತಾಡಿ ಎಂದೂ ಹೇಳಿದ್ದರು. ಈ ಕೊನೆಯ ಮಾತು ನಮ್ಮ ಮಲೆನಾಡಿಗೆ ಹೇಳಿಮಾಡಿಸಿದ ಹಾಗಿದೆ.

ಯಾಕೆಂದರೆ ನಮ್ಮಲ್ಲಿ ಆಫೀಸಿನ ಒಳಗೆ ಕರೆದರೆಂದರೆ ಏನೋ ತಪ್ಪಾಗಿದೆ ಎಂದೇ ಅರ್ಥ. "ಸಾಹುಕಾರ್ರು ಕರೀತಿದಾರೆ" ಅಂದ ಕೂಡಲೆ ಕರೆಸಿಕೊಂಡವರ ಮುಖ ಬಾಡುತ್ತದೆ, ಉಳಿದವರು ಗುಸುಗುಸು ಶುರುಮಾಡುತ್ತಾರೆ. ಎದುರು ಬದುರು ಕುರ್ಚಿ ಹಾಕಿ, ಬಾಗಿಲು ಮುಚ್ಚಿ, "ಹೇಳು, ಏನು ಸಮಸ್ಯೆ" ಎಂದರೆ ಬರುವ ಉತ್ತರ "ಏನಿಲ್ಲ ಸಾರ್" ಒಂದೇ. ಜರ್ಮನಿಯ ಮೀಟಿಂಗ್ ರೂಮನ್ನು ಎತ್ತಿ ತಂದು ತೋಟದಲ್ಲಿಟ್ಟರೆ ಉಪಯೋಗವಿಲ್ಲ. ಗಿಡದ ಸಾಲಿನ ನಡುವೆ ಜೊತೆಗೆ ನಡೆಯುತ್ತ, ಕಣದಲ್ಲಿ ಕಾಫಿ ಹರಡುವಾಗ ಪಕ್ಕದಲ್ಲಿ ನಿಂತು ಮಾತಾಡುವುದು ನಮ್ಮವರಿಗೆ ಸಲೀಸು. ಮುಖ ನೋಡದೆ ಮಾತಾಡಬಹುದು, ಕೈಗೆ ಕೆಲಸ ಇರುತ್ತದೆ. ಸಮಯ ಮಾತ್ರ ಮೊದಲೇ ಗೊತ್ತಿರಬೇಕು. "ಬುಧವಾರ ಊಟ ಆದಮೇಲೆ ನಿನ್ನ ಜೊತೆ ಒಂದು ಸುತ್ತು" ಎಂದು ಮುಂಚೆಯೇ ಹೇಳಿದರೆ, ಆ ಮನುಷ್ಯ ನಾಲ್ಕು ದಿನ ಯೋಚನೆ ಮಾಡಿ ಬರುತ್ತಾನೆ.

ಬೆಳಗಿನ ಹಾಜರಿಯೇ ಸಾಕಲ್ಲ ಎನ್ನುವವರಿದ್ದಾರೆ. ಹಾಜರಿಯಲ್ಲಿ ಮಾತು ಒಂದೇ ಕಡೆ ಹರಿಯುತ್ತದೆ. ಇಷ್ಟು ಜನ ಚಿಗುರು ತೆಗೆಯೋಕೆ, ಇಷ್ಟು ಜನ ಗೊಬ್ಬರಕ್ಕೆ, ನೀನು ಪಂಪ್‌ಸೆಟ್ ನೋಡು. ಅದು ಬೇಕು, ಆದರೆ ಅಲ್ಲಿ ಯಾರೂ ತಾವು ಕಂಡದ್ದನ್ನು ಹೇಳುವುದಿಲ್ಲ. ಅರೇಬಿಕಾ ಕಾಫಿ ತೋಟ ಇರುವವರಿಗೆ ಬಿಳಿ ಕಾಂಡಕೊರಕ ಹುಳದ ಕಾಟ ಗೊತ್ತು. ಎಲೆ ಹಳದಿಯಾಗಿ ಬಾಡುವುದು, ಕಾಂಡದ ಮೇಲೆ ಉಂಗುರದಂಥ ಉಬ್ಬು ಏಳುವುದು ಮೊದಲು ಕಣ್ಣಿಗೆ ಬೀಳುವುದು ದಿನಾ ಆ ಸಾಲಿನಲ್ಲೇ ಬಗ್ಗಿ ಕೆಲಸ ಮಾಡುವ ಹೆಂಗಸಿಗೆ. ಹುಳ ಹಿಡಿದ ಗಿಡವನ್ನು ಕಿತ್ತು ಸುಡದೆ ಬಿಟ್ಟರೆ ಅದರಿಂದ ಹೊರಬಂದ ದುಂಬಿ ಅಕ್ಕಪಕ್ಕದ ಗಿಡಗಳಲ್ಲಿ ಮೊಟ್ಟೆಯಿಡುತ್ತದೆ. ಆದರೂ ಆಕೆ ಹೇಳುವುದಿಲ್ಲ, ಯಾಕೆಂದರೆ ಕೇಳಿದವರಿಲ್ಲ. ಹಾಜರಿಯ ಸಾಲಿನಲ್ಲಿ ನಿಂತು ಹೇಳಿದರೆ ಆ ಸಾಲಿಗೆ ಜವಾಬ್ದಾರನಾದ ಮೇಸ್ತ್ರಿಗೆ ಎಲ್ಲರ ಮುಂದೆ ಮುಖಭಂಗ. ಆಕೆ ಸುಮ್ಮನಿರುವುದು ಉದಾಸೀನದಿಂದಲ್ಲ, ಲೆಕ್ಕ ಹಾಕಿಯೇ.

ಮಾಲೀಕರು ಅರವತ್ತು ಆಳುಗಳ ಜೊತೆಗೂ ಪ್ರತ್ಯೇಕ ಕೂರಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೇಸ್ತ್ರಿಗಳು, ರೈಟ್ರು, ಡ್ರೈವರ್, ಕಣ ನೋಡಿಕೊಳ್ಳುವವರು ಎಂದರೆ ಬೆರಳೆಣಿಕೆಯ ಜನ. ಅವರಿಗೆ ಅರ್ಧರ್ಧ ಗಂಟೆ ಕೊಡಲಿ. ತನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡರು ಎಂಬ ಅನುಭವ ಮೇಸ್ತ್ರಿಗೆ ಸಿಕ್ಕರೆ, ತನ್ನ ಗುಂಪಿನವರಿಗೆ ಹತ್ತು ನಿಮಿಷ ಕೊಡುವುದನ್ನೂ ಅವನು ಕಲಿಯುತ್ತಾನೆ. ಗಾರ್ಮೆಂಟ್ಸ್‌ನಲ್ಲಿ ಈ ಜಾಗ ಲೈನ್ ಸೂಪರ್‌ವೈಸರ್‌ದು. ಬೆಳಗಿನಿಂದ ಸಂಜೆವರೆಗೆ ಟಾರ್ಗೆಟ್ ಎಂದು ಕೂಗುವುದನ್ನಷ್ಟೇ ಅವರಿಗೆ ಕಲಿಸಿದ್ದೇವೆ. ಮೇಲಿನವರು ಅವರನ್ನು ಹೇಗೆ ಕಂಡರೋ ಹಾಗೆ ಅವರು ಕೆಳಗಿನವರನ್ನು ಕಾಣುತ್ತಾರೆ. ಮೇಸ್ತ್ರಿಯ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಅಸ್ಸಾಮಿನವರ ಮಾತನ್ನು ತರ್ಜುಮೆ ಮಾಡುವವನೂ ಅವನೇ ಆಗಿದ್ದರೆ, ಅವನ ಮೇಲಿನ ದೂರು ಮಾಲೀಕರ ಕಿವಿಗೆ ಬೀಳುವುದೇ ಇಲ್ಲ. ಹಿಂದಿ ಬಲ್ಲ ಬೇರೊಬ್ಬರನ್ನು ಆ ಹೊತ್ತಿಗೆ ಕರೆದುಕೊಳ್ಳಬೇಕು.

ಮಾತಾಡುವುದೇನು? "ಎಷ್ಟು ಕೆಲಸ ಆಯ್ತು" ಎಂದು ಶುರುಮಾಡಿದರೆ ಅದು ಇನ್ನೊಂದು ಹಾಜರಿಯಾಗುತ್ತದೆ. "ಈ ವಾರ ನಿನಗೆ ಅಡ್ಡ ಬಂದದ್ದೇನು", "ನನ್ನಿಂದ ಏನು ಆಗಬೇಕು" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲ ಎರಡು ಮೂರು ಸಲ ಏನೂ ಬರುವುದಿಲ್ಲ. ಅಲ್ಲಿಗೇ ಕೈಬಿಡುವವರು ಬಹಳ. ಬೂಟು ಹರಿದಿದೆ, ಕತ್ತಿ ಮೊಂಡಾಗಿದೆ ಎಂಬಂಥ ಸಣ್ಣದೊಂದು ಮಾತು ಬಂದಾಗ ಅದನ್ನು ಬರೆದಿಟ್ಟುಕೊಂಡು, ಮುಂದಿನ ಭೇಟಿಯ ಒಳಗೆ ಸರಿಮಾಡಿಸಿದರೆ ದೊಡ್ಡ ಮಾತಿಗೆ ದಾರಿಯಾಗುತ್ತದೆ. ಮುಂಗಡದ ವ್ಯವಹಾರವನ್ನು ಈ ಭೇಟಿಯಿಂದ ದೂರ ಇಡಬೇಕು. ಸಾಲ ಕೇಳಬೇಕಾದ ಬಾಯಿಂದ ದೂರು ಬರುವುದಿಲ್ಲ. ಹಣದ ಮಾತು ಬಟವಾಡೆ ದಿನಕ್ಕಿರಲಿ.

ಜರ್ಮನಿಯವರಿಗೆ ನಾವು ಕಲಿಸಬಹುದಾದದ್ದೂ ಉಂಟು. ನನ್ನ ಇಲ್ಲಿನ ಭೇಟಿಗಳಲ್ಲಿ ಮನೆಯ ಸುದ್ದಿ ಬರುವುದು ಕಡಿಮೆ, ಅದು ಖಾಸಗಿ ಎಂಬ ಗೌರವ. ತಂಡದವನ ತಾಯಿ ಆಸ್ಪತ್ರೆಯಲ್ಲಿದ್ದರೂ ಅವನಾಗಿ ಹೇಳದ ಹೊರತು ನಾವು ಕೇಳುವುದಿಲ್ಲ. ನಮ್ಮೂರಲ್ಲಿ "ಅಮ್ಮ ಹೇಗಿದಾರೆ, ಮಗಳು ಸ್ಕೂಲಿಗೆ ಹೋಗ್ತಿದಾಳಾ" ಎಂದೇ ಮಾತು ಶುರುವಾಗುತ್ತದೆ. ಆ ಒಂದು ವಾಕ್ಯಕ್ಕೆ ಎದುರಿನವರ ಬಿಗಿ ಸಡಿಲವಾಗುವುದನ್ನು ಕಂಡಿದ್ದೇನೆ. ಇದನ್ನು ನಾವು ಬಿಡಬಾರದು.

ಶುರುಮಾಡಲು ಮಳೆಗಾಲ ಒಳ್ಳೆಯದು. ಜೂನ್, ಜುಲೈಯಲ್ಲಿ ಮಳೆ ಹಿಡಿದ ದಿನ ತೋಟದ ಕೆಲಸ ನಿಧಾನ, ಮಾತಿಗೆ ಬಿಡುವಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಜೋರಾದಾಗ ಅರ್ಧ ಗಂಟೆ ಹತ್ತು ನಿಮಿಷಕ್ಕಿಳಿಯಲಿ, ಆದರೆ ದಿನ ತಪ್ಪಿಸಬೇಡಿ. ಕೆಜಿ ಲೆಕ್ಕದಲ್ಲಿ ಹಣ್ಣು ಅಳೆಯುವಾಗ ತೂಕದ ತಕರಾರು, ಯಾರಿಗೆ ಹಣ್ಣು ತುಂಬಿದ ಸಾಲು, ಯಾರಿಗೆ ಖಾಲಿ ಸಾಲು ಎಂಬ ಮುನಿಸು ಎಲ್ಲ ಏಳುವುದು ಆ ತಿಂಗಳುಗಳಲ್ಲೇ. ಮರುವರ್ಷ ಬರಬೇಕೋ ಬೇಡವೋ ಎಂದು ಆಳುಗಳು ತೀರ್ಮಾನ ಮಾಡುವುದೂ ಆಗಲೇ.